ಕಟ್ಟೆಯ ಬದಲಿಗೆ ಬಂದ ಗಾಡಿ

ದೀಪಾವಳಿ ಮುಗಿದ ಮೇಲೆ ಸೂಗಪ್ಪನವರ ಮನೆಯಲ್ಲಿ ಯಾರೂ ಬಿಸಿ ರೊಟ್ಟಿ ಉಂಡಿರಲಿಲ್ಲ. ರೊಟ್ಟಿ ಬಿಸಿಯಾಗಿಯೇ ತಾಟಿಗೆ ಬೀಳುತ್ತಿತ್ತು. ಅದನ್ನು ಮುರಿದು ಪಲ್ಯಕ್ಕೆ ಹಚ್ಚುವಷ್ಟರಲ್ಲಿ ಯಾರಾದರೊಬ್ಬರು ಗಾಡಿಯ ಮಾತು ತೆಗೆಯುತ್ತಿದ್ದರು. ಆಮೇಲೆ ಕೈ ತಾಟಿನಲ್ಲಿ, ಬಾಯಿ ಜಗಳದಲ್ಲಿ. ರೊಟ್ಟಿ ಆರಿ ಹಪ್ಪಳವಾದ ಮೇಲೆ ಎಲ್ಲರೂ ಸಪ್ಪಗೆ ಅಗಿಯುತ್ತಿದ್ದರು.

ಗಾಡಿ ಬೇಕು ಎನ್ನುವುದರಲ್ಲಿ ಜಗಳವಿರಲಿಲ್ಲ. ಬೇಕಾದದ್ದು ಸೊಸೆ ಸೌಭಾಗ್ಯಳಿಗೆ. ಅವಳು ದೇವಾಪುರದ ಶಾಲೆಯಲ್ಲಿ ಟೀಚರು. ಶಹಾಪುರದಿಂದ ಸುರಪುರಕ್ಕೆ ಒಂದು ಬಸ್ಸು, ಅಲ್ಲಿಂದ ದೇವಾಪುರಕ್ಕೆ ಇನ್ನೊಂದು, ಸಂಜೆ ಅದೇ ಹಾದಿ ತಿರುಗಿ. ಸೀಟು ಸಿಗುವುದು ಅಮಾವಾಸ್ಯೆಗೋ ಹುಣ್ಣಿಮೆಗೋ. ನಿಂತು ಹೋಗಿ, ನಿಂತು ಪಾಠ ಹೇಳಿ, ನಿಂತು ಬಂದು, ಒಲೆಯ ಮುಂದೆ ಮತ್ತೆ ನಿಲ್ಲುವವಳು. ಬೇಸಿಗೆ ರಜೆಯಲ್ಲಿ ಕಾರು ಓಡಿಸಲು ಕಲಿತು ಲೈಸೆನ್ಸೂ ತೆಗೆಸಿದ್ದಳು. ಅದು ಅಲಮಾರಿಯಲ್ಲಿ ಮದುವೆ ಸೀರೆಯ ಮಡಿಕೆಯೊಳಗೆ ಇತ್ತು. ಗಾಡಿ ಬೇಕಾದದ್ದು ಅವಳಿಗೆ, ಆರಿಸುವ ಹಕ್ಕು ಮಾತ್ರ ಗಂಡಸರದು. ನಮ್ಮ ಕಡೆ ಹಾಗೆಯೇ. ಸೀರೆಯೊಂದನ್ನು ಬಿಟ್ಟು ಹೆಂಗಸಿಗೆ ಬೇಕಾದದ್ದನ್ನೆಲ್ಲ ಗಂಡಸರೇ ಆರಿಸುತ್ತಾರೆ.

ಪಂದ್ಯದಲ್ಲಿದ್ದ ಗಾಡಿಗಳು ಮೂರು. ಒಂದು ಕೊರಿಯಾದ್ದು, ಹೊಸದಾಗಿ ಬಂದದ್ದು. ಸೌಭಾಗ್ಯಳ ಗಂಡ ಬಸವಕುಮಾರನ ಕಣ್ಣು ಅದರ ಮೇಲೆ. ಅವನದು ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಬೀಜ ಗೊಬ್ಬರದ ಅಂಗಡಿ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ಮೈಲೇಜು, ಏರ್‌ಬ್ಯಾಗು, ಕ್ಯಾಮೆರಾ, ಕ್ಲಚ್ಚಿಲ್ಲದ ಗೇರು ಎಲ್ಲ ಬಾಯಿಪಾಠ ಮಾಡಿದ್ದ. ಮೇಲೆ ಛತ್ತಿನಲ್ಲಿ ಒಂದು ಕಿಟಕಿ ತೆರೆಯುತ್ತದೆ ಎನ್ನುವುದು ಅವನಿಗೆ ದೊಡ್ಡ ವಿಷಯ. ಶಹಾಪುರದ ಬಿಸಿಲಿಗೆ ನೆತ್ತಿಯ ಮೇಲೆ ಕಿಟಕಿ ಯಾಕೆ ಬೇಕು ಎಂದು ಅವನ ತಾಯಿ ಹಂಪಮ್ಮ ಒಮ್ಮೆ ಕೇಳಿದ್ದಕ್ಕೆ ಎರಡು ದಿನ ಮುಖ ಊದಿಸಿಕೊಂಡಿದ್ದ.

ಎರಡನೆಯದು ದೇಶಿ ಗಾಡಿ, ದಪ್ಪ ತಗಡಿನದು, ಅಗಲವಾದದ್ದು. ಅದರ ಕಡೆಗೆ ಸೂಗಪ್ಪನವರು. ಮೊನ್ನೆ ಮೊನ್ನೆಯವರೆಗೆ ಎತ್ತು ಕಟ್ಟಿ ಒಕ್ಕಲುತನ ಮಾಡಿದ ಮನುಷ್ಯ. ಹೊಲ ಪಾಲಿಗೆ ಹಾಕಿದ ಮೇಲೆ ಕೈಗೆ ಕೆಲಸವಿಲ್ಲದೆ ಮಾತಿಗೆ ಬಲ ಬಂದಿತ್ತು. ಬಾಗಿಲು ಹಾಕಿದರೆ ತಿಜೋರಿ ಹಾಕಿದ ಸಪ್ಪಳ ಬರಬೇಕು, ಎರೆಭೂಮಿಯಲ್ಲಿ ಹೂತರೂ ತಾನೇ ಎದ್ದು ಬರಬೇಕು, ಅದು ಗಾಡಿ ಎನ್ನುತ್ತಿದ್ದರು. ಕ್ಲಚ್ಚಿಲ್ಲದ ಗಾಡಿಯೆಂದರೆ ಮೂಗುದಾರ ಇಲ್ಲದ ಎತ್ತು ಎಂದು ಮಗನ ಗಾಡಿಯನ್ನು ತಳ್ಳಿಹಾಕುತ್ತಿದ್ದರು.

ಮೂರನೆಯದು ಸಣ್ಣದು. ಅದಕ್ಕೆ ಗಂಡಸರಿಬ್ಬರೂ ‘ಪೆಟ್ಟಿಗಿ’ ಎಂದು ಹೆಸರಿಟ್ಟಿದ್ದರು. ಅದರ ಮಟ್ಟಿಗೆ ತಂದೆ ಮಗ ಒಂದಾಗುತ್ತಿದ್ದರು. ಆ ಪೆಟ್ಟಿಗೆಯೇ ಬರಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದವಳು ಹಂಪಮ್ಮ ಒಬ್ಬಳೇ.

ಅದಕ್ಕೆ ಕಾರಣ ಮನೆಯ ಮುಂದಿನ ಕಟ್ಟೆ. ಮನೆ ಇದ್ದದ್ದು ಹಳೆ ಊರಿನ ಓಣಿಯಲ್ಲಿ. ಪಕ್ಕದಲ್ಲಿ ಹಿಂದೆ ಎತ್ತು, ಬಂಡಿ ನಿಲ್ಲುತ್ತಿದ್ದ ಕೊಟ್ಟಿಗೆ ಖಾಲಿ ಬಿದ್ದಿತ್ತು. ಗಾಡಿ ಬಂದರೆ ಅಲ್ಲಿಯೇ ನಿಲ್ಲಬೇಕು. ಓಣಿಯಿಂದ ಕೊಟ್ಟಿಗೆಗೆ ಹೋಗುವ ಹಾದಿಗೆ ಹಂಪಮ್ಮನ ಕಟ್ಟೆ ಮೈಚಾಚಿ ಕೂತಿತ್ತು. ಪರಸಿ ಕಲ್ಲು ಹಾಸಿದ ಸಾದಾ ಕಟ್ಟೆ. ಆದರೆ ಹಂಪಮ್ಮನ ಮೊಣಕಾಲು ಎರಡೂ ಹೋಗಿದ್ದವು. ನೆಲಕ್ಕೆ ಕೂತರೆ ಏಳಲು ಇಬ್ಬರು ಬೇಕು. ಕಟ್ಟೆಯ ಎತ್ತರ ಮಾತ್ರ ಅವಳಿಗೆ ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು. ಊಟವಾದ ಮೇಲೆ ಅಲ್ಲಿ ಕೂತರೆ ದೀಪ ಹಚ್ಚುವ ತನಕ ಅಲ್ಲೇ. ತೊಗರಿ ಹಸನು ಮಾಡುವುದು ಅಲ್ಲೇ, ಎಲೆ ಅಡಿಕೆ ಅಲ್ಲೇ. ಎದುರು ಮನೆಯ ಸುಗಲಮ್ಮ ಮೊರ ಹಿಡಿದು ಬಂದು ಪಕ್ಕದಲ್ಲಿ ಕೂರುತ್ತಿದ್ದಳು. ಅವಳ ಮನೆಗೆ ಕಟ್ಟೆ ಇರಲಿಲ್ಲ. ಇಬ್ಬರೂ ಊರೆಲ್ಲ ಜಾಲಾಡಿ ಎದ್ದರೆ ಹಂಪಮ್ಮನಿಗೆ ಆ ದಿನ ಕಳೆದ ಲೆಕ್ಕ. ಗುಡಿಗೂ ಹೋಗಲಾರದ ಹೆಂಗಸಿಗೆ ಊರು ಎಂದರೆ ಆ ಕಟ್ಟೆಯೇ.

ಮೊಮ್ಮಗಳು ಬಸವೇಶ್ವರಿ ಪಿಯುಸಿ ಓದುವವಳು. ಒಂದು ಭಾನುವಾರ ಅವಳು ಮೊಬೈಲಿನಲ್ಲಿ ಮೂರೂ ಗಾಡಿಗಳ ಅಗಲ ಓದುತ್ತ ಹೋದಳು, ಸೂಗಪ್ಪನವರು ಮೊಳ ಹಾಕುತ್ತ ಹೋದರು. ಪೆಟ್ಟಿಗೆ ಬಂದರೆ ಕಟ್ಟೆ ಉಳಿಯುತ್ತದೆ. ಕೊರಿಯಾದ್ದು ಬಂದರೆ ಕಟ್ಟೆ ಹೋಗುತ್ತದೆ. ದೇಶಿ ಗಾಡಿ ಬಂದರೆ ಕಟ್ಟೆಯೂ ಹೋಗುತ್ತದೆ, ಸುಗಲಮ್ಮನ ಮನೆಯ ಮೂಲೆಯೂ ಹೋಗುತ್ತದೆ. ಕೊಟ್ಟಿಗೆಯ ಬಾಗಿಲಿಗೆ ಬಂದಾಗ ಸೂಗಪ್ಪನವರು ಮೊಳ ಹಾಕುವುದನ್ನೇ ಬಿಟ್ಟರು. ಹೊಸ್ತಿಲ ಕಲ್ಲಿನ ಮೇಲೆ ಬಂಡಿಯ ಗಾಲಿ ಸವೆಸಿದ ಗೆರೆಗಳು ಇನ್ನೂ ಇದ್ದವು.

“ನಮ್ಮ ಬಂಡಿನೇ ಒಳಗ ಹೋಗತಿತ್ತು. ಬಂಡಿ ಹೋದಲ್ಲಿ ಕಾರು ಹೋಗಂಗಿಲ್ಲೇನು?” ಎಂದರು.

ಬಸವಕುಮಾರ ಕೂಡ ಗಾಲಿಯ ಗೆರೆ ನೋಡಿ ಹೌದೆಂದು ತಲೆದೂಗಿದ. ಕಟ್ಟೆಯ ಮೇಲೆ ಕೂತಿದ್ದ ಹಂಪಮ್ಮನಿಗೆ ಯಾರೂ ಏನೂ ಕೇಳಲಿಲ್ಲ. ಅವಳು ತೊಗರಿಯೊಳಗಿನ ಹರಳು ಆರಿಸುತ್ತ ಎಲ್ಲ ಕೇಳಿಸಿಕೊಂಡಳು.

ಮುಂದಿನ ವಾರ ಬಾಡಿಗೆ ಜೀಪು ಮಾಡಿಕೊಂಡು ಎಲ್ಲರೂ ಯಾದಗಿರಿಗೆ ಹೋದರು. ಬುತ್ತಿ ಕಟ್ಟಿದವಳು ಸೌಭಾಗ್ಯ. ಸೂಗಪ್ಪನವರು ಪ್ರತಿ ಶೋರೂಮಿನಲ್ಲೂ ಗಾಡಿಯ ಬಾಗಿಲು ಹಾಕಿ ತೆಗೆದು, ಹಾಕಿ ತೆಗೆದು, ಕಿವಿಗೊಟ್ಟು ಕೇಳಿದರು. ಬಸವಕುಮಾರ ಛತ್ತಿನ ಕಿಟಕಿ ತೆರೆಸಿದ, ಮುಚ್ಚಿಸಿದ. ಸೌಭಾಗ್ಯ ಕೊರಿಯಾದ ಗಾಡಿಯ ಸ್ಟೇರಿಂಗ್ ಹಿಂದೆ ಒಂದು ಗಳಿಗೆ ಕೂತು ಕನ್ನಡಿ ಸರಿ ಮಾಡಿಕೊಂಡಳು. ಸೇಲ್ಸ್‌ಮನ್ ಬಂದು ಫೋಟೊ ತೆಗೆಸಿಕೊಳ್ತೀರಾ ಮೇಡಂ ಎಂದು ಕೇಳಿದ. ಓಡಿಸಿ ನೋಡುವ ಮಾತು ಬಂದಾಗ ಕೀಲಿಯನ್ನು ಅವಳ ಗಂಡನ ಕೈಗೆ ಕೊಟ್ಟ. ಅವಳು ಇಳಿದು ಹಿಂದಿನ ಸೀಟಿಗೆ ಹೋದಳು. ಅಲ್ಲಿ ಆಗಲೇ ಕೂತಿದ್ದ ಹಂಪಮ್ಮ ಸೊಸೆಯ ಮುಖ ನೋಡಿದಳು. ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಳು.

ಯಾದಗಿರಿಯಿಂದ ಬಂದ ಮೇಲೆ ಜಗಳ ಇನ್ನೂ ಬೆಳೆಯಿತು. ಮೊದಲು ನೋಡದೆ ಜಗಳಾಡುತ್ತಿದ್ದವರು ಈಗ ನೋಡಿ ಜಗಳಾಡಿದರು. ಎಳ್ಳಮಾಸಿಗೆ, ಎಂದರೆ ಎಳ್ಳು ಅಮಾವಾಸ್ಯೆಗೆ, ಭೂತಾಯಿಗೆ ಎಡೆಯ ಚರಗ ಚೆಲ್ಲಲು ಹೊಲಕ್ಕೆ ಹೊಸ ಗಾಡಿಯಲ್ಲೇ ಹೋಗಬೇಕೆಂಬುದು ಸೂಗಪ್ಪನವರ ಹಟ. ಆದರೆ ತನ್ನ ಗಾಡಿಯಾದರೆ ಮಾತ್ರ. ಮಗ ಅಪ್ಪನ ಹತ್ತಿರ ಮಾತು ಬಿಟ್ಟು, ಹೇಳುವುದನ್ನೆಲ್ಲ ಮಗಳ ಮೂಲಕ ಹೇಳಿಸತೊಡಗಿದ. ನಿಮ್ಮ ಮುತ್ಯಾಗ ಹೇಳು, ಏರ್‌ಬ್ಯಾಗ್ ಆರು ಅವ ಅಂತ. ನಿಮ್ಮಪ್ಪಗ ಹೇಳು, ನಮ್ಮ ತಲಿನೇ ಗಟ್ಟಿ ಅದ ಅಂತ. ಬಸವೇಶ್ವರಿ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗಿ ಕೊನೆಗೆ ತಾಟು ಎತ್ತಿಕೊಂಡು ಅಡುಗೆ ಮನೆಗೆ ಹೋಗಿಬಿಡುತ್ತಿದ್ದಳು. ಸಣ್ಣ ಗಾಡಿಯೇ ಸಾಕಲ್ಲ ಎಂದು ಸೌಭಾಗ್ಯ ಒಂದು ಸಲ ಹೇಳಿ ನೋಡಿದಳು. ನಾಲ್ಕು ಮಂದಿ ನೋಡಿದರೆ ಏನಂದಾರು ಎಂದು ಇಬ್ಬರೂ ಒಂದೇ ಬಾಯಲ್ಲಿ ಹೇಳಿದರು. ಆ ವಾರದಲ್ಲಿ ಅವರಿಬ್ಬರೂ ಒಪ್ಪಿದ್ದು ಅದೊಂದೇ ಮಾತು.

ಒಂದು ಸಂಜೆ ಸೌಭಾಗ್ಯ ಬಂದವಳು ಚಪ್ಪಲಿ ಬಿಡಲೂ ತ್ರಾಣವಿಲ್ಲದೆ ಕಟ್ಟೆಯ ಮೇಲೆ ಅತ್ತೆಯ ಪಕ್ಕ ಕುಸಿದಳು. ಬ್ಯಾಗು ಹೆಗಲಲ್ಲೇ ಇತ್ತು. ಸುರಪುರದಿಂದ ಬಸ್ಸಿನ ಬಾಗಿಲಲ್ಲೇ ನಿಂತು ಬಂದೆ ಎಂದು ಹೇಳುತ್ತ ಹೇಳುತ್ತ ಗೋಡೆಗೆ ತಲೆ ಆನಿಸಿ ಹಾಗೆಯೇ ನಿದ್ದೆ ಹೋದಳು. ಹಂಪಮ್ಮ ಎಬ್ಬಿಸಲಿಲ್ಲ. ಮೊರ ತೊಡೆಯ ಮೇಲೆ ಇಟ್ಟುಕೊಂಡು ಸಪ್ಪಳವಾಗದಂತೆ ಕೂತಳು. ಒಳಗಿನಿಂದ ಗಂಡ ಮಗ ಮೈಲೇಜಿನ ಮಾತಾಡುವುದು ಕೇಳುತ್ತಿತ್ತು. ಅವಳಿಗೆ ಸಾಕಾಗಿ ಹೋಯಿತು. ಸೊಸೆಗೆ ಎಚ್ಚರವಾದ ಮೇಲೆ ಅವಳನ್ನೇ ಹಿಡಿದುಕೊಂಡು ಎದ್ದು ಒಳಗೆ ಹೋಗಿ, ಕೊರಿಯಾದ್ದೇ ತರ್ರಿ, ಕಟ್ಟಿ ಒಡೀರಿ, ಆದರೆ ಜಲ್ದಿ ತರ್ರಿ ಎಂದಳು. ದೇಶಿ ಗಾಡಿಗಾಗಿ ಸುಗಲಮ್ಮನ ಮನೆಯ ಮೂಲೆ ಒಡೆಯುವುದಾದರೆ ತನ್ನನ್ನು ಮೊದಲು ಹೂಳಿ ಬನ್ನಿ ಎಂದೂ ಹೇಳಿದಳು. ಸೂಗಪ್ಪನವರು ಗೊಣಗಿದರು. ಆದರೆ ಕಟ್ಟೆ ಬಿಟ್ಟುಕೊಟ್ಟವಳ ಮುಂದೆ ಹಟ ಹಿಡಿಯಲು ಅವರಿಗೂ ಬಾಯಿ ಬರಲಿಲ್ಲ.

ಒಡೆಯಲು ಬಂದವನು ಗೌಂಡಿ ಅಬ್ದುಲ್ ಕರೀಮ. ಆ ಕಟ್ಟೆ ಕಟ್ಟಿದ್ದು ಅವನ ಅಪ್ಪ. ಹಾರೆ ಹಿಡಿದು ಬಂದವನು ಕೆಲಸಕ್ಕೆ ಕೈ ಹಾಕದೆ ನಿಂತ.

“ಅವ್ವಾರ, ನೀವು ಬಾಯಿಬಿಟ್ಟು ಹೇಳ್ರಿ. ಇಲ್ಲಾಂದ್ರ ನಾ ಹಾರಿ ಹಚ್ಚಂಗಿಲ್ಲ.”

ಹಂಪಮ್ಮ ಮಗನನ್ನು ಕರೆದಳು. ಬಸವಕುಮಾರ ಅಂಗಡಿಗೆ ಹೊರಟವನು ಬಾಗಿಲಲ್ಲಿ ನಿಂತ.

“ನಾ ಕುಂದರೋ ಜಾಗಾ ಕೊಡಾಕತ್ತೀನಿ, ನೋಡು. ಸೌಭಾಗ್ಯಾಗ ಕುಂದರಾಕ ಒಂದು ಜಾಗಾ ಆಗಲಿ ಅಂತ ಕೊಡಾಕತ್ತೀನಿ. ಗಾಡಿ ಬಂದ ಮ್ಯಾಲ ಆಕಿ ಬಸ್ಸಿನಾಗ ನಿಂತು ಹೋಗಬಾರದು. ಹೂಂ ಅನ್ನು.”

“ಹೂಂ ಅವ್ವ.”

“ಒಡೀಪಾ ಕರೀಮ,” ಎಂದಳು. ಹೇಳಿ ಒಳಗೆ ಹೋದಳು. ಹಾರೆಯ ಪೆಟ್ಟು ಅಡುಗೆ ಮನೆಯ ತನಕ ಕೇಳಿತು. ಸುಗಲಮ್ಮ ತನ್ನ ಬಾಗಿಲಲ್ಲಿ ನಿಂತು ನೋಡಿದಳು, ನೋಡಲಾಗದೆ ಅವಳೂ ಒಳಗೆ ಹೋದಳು. ಪರಸಿ ಕಲ್ಲುಗಳನ್ನು ಕರೀಮ ಹಿತ್ತಲಲ್ಲಿ ಒಂದರ ಮೇಲೊಂದು ಜೋಡಿಸಿಟ್ಟ.

ಗಾಡಿ ಎಳ್ಳಮಾಸಿಯ ಹಿಂದಿನ ದಿನ ಬಂತು. ಮುಂದೆ ಹೂಮಾಲೆ, ಗಾಲಿಯ ಕೆಳಗೆ ನಿಂಬೆಹಣ್ಣು. ಬಸವಕುಮಾರ ಓಡಿಸಿದ. ಪಕ್ಕದ ಸೀಟಿನಲ್ಲಿ ಸೂಗಪ್ಪನವರು ರುಮಾಲು ಸುತ್ತಿ ಕೂತಿದ್ದರು. ತಮ್ಮ ಗಾಡಿ ಅಲ್ಲದಿದ್ದರೂ ಮುಂದಿನ ಸೀಟು ತಮ್ಮದೇ ಎಂದು ಮೊದಲೇ ಹೇಳಿಟ್ಟಿದ್ದರು. ಹೆಂಗಸರು ಆರತಿ ಹಿಡಿದು ಓಣಿಯಲ್ಲಿ ನಿಂತರು. ಗಾಡಿ ಕಟ್ಟೆ ಇದ್ದ ಜಾಗವನ್ನು ದಾಟಿತು, ಕನ್ನಡಿಯ ಕಿವಿಗಳನ್ನು ಮಡಚಿಕೊಂಡು ಕೊಟ್ಟಿಗೆಯೊಳಗೆ ನುಗ್ಗಿತು. ಎಲ್ಲೂ ತಾಕಲಿಲ್ಲ. ಸೂಗಪ್ಪನವರ ಲೆಕ್ಕ ತಪ್ಪಿರಲಿಲ್ಲ.

ಎಂಜಿನ್ ನಿಂತಿತು. ಹೊರಗಿನವರು ಕಾದರು. ಯಾರೂ ಇಳಿಯಲಿಲ್ಲ.

ಬಸವಕುಮಾರ ತನ್ನ ಕಡೆಯ ಬಾಗಿಲು ತಳ್ಳಿದ. ಅದು ನಾಲ್ಕು ಬೆರಳು ತೆರೆದು ಗೋಡೆಗೆ ಬಡಿಯಿತು. ಸೂಗಪ್ಪನವರ ಕಡೆಯೂ ಅದೇ ಕತೆ. ಒಂದು ಕಡೆ ದೇವರ ಕೋಣೆಯ ಗೋಡೆ, ಇನ್ನೊಂದು ಕಡೆ ಪಕ್ಕದ ಮನೆಯದು, ಎರಡನ್ನೂ ಮುಟ್ಟುವಂತಿಲ್ಲ. ಅಪ್ಪ ಮಗ ಇಬ್ಬರೂ ಹೊಸ ಗಾಡಿಯೊಳಗೆ, ಇಲಿ ಬೋನಿನಲ್ಲಿ ಸಿಕ್ಕ ಹಾಗೆ ಕೂತರು. ಛತ್ತಿನ ಕಿಟಕಿ ತೆರೆದುಕೊಂಡು ಬನ್ನಿ ಎಂದು ಬಸವೇಶ್ವರಿ ಕೂಗಿದಳು. ಸುಗಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸೂಗಪ್ಪನವರು ಇಷ್ಟೇ ತೆರೆದ ಗಾಜಿನಿಂದ ಹೆಂಡತಿಯನ್ನು ನೋಡಿ, ಬಂಡಿ ಹೋಗುತ್ತಿತ್ತಲ್ಲ ಎಂದರು.

“ಹೋಗತಿತ್ತು,” ಎಂದಳು ಹಂಪಮ್ಮ. “ಎತ್ತು ಹೊರಗ ಬಿಚ್ಚಿ, ಖಾಲಿ ಬಂಡಿ ಹಿಂದಕ್ಕ ನೂಕತಿದ್ರಿ. ಬಂಡ್ಯಾಗ ಕುಂತು ಯಾರು ಒಳಗ ಹೋಗಿದ್ರು?”

ಆರತಿಯ ದೀಪ ಗಾಳಿಗೆ ಆರಿತು. ಗಾಡಿ ಹಿಂದಕ್ಕೆ ಸರಿದು ಹೊರಗೆ ಬಂತು. ಅಂದಿನಿಂದ ಅದು ನಿಂತದ್ದು ದೊಡ್ಡ ರಸ್ತೆಯ ಮೇಲೆ, ಹಿಟ್ಟಿನ ಗಿರಣಿಯ ಪಕ್ಕ. ಎಳ್ಳಮಾಸಿಗೆ ಹೊಲಕ್ಕೆ ಹೋದದ್ದೂ ಅದರಲ್ಲೇ. ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ ಎಲ್ಲ ಇತ್ತು.

ಕಟ್ಟೆ ಹೋದದ್ದು ಬರೀ ಪುಕ್ಕಟೆ ಹೋಯಿತು ಎಂದು ಹಂಪಮ್ಮ ಅತ್ತಳೇ? ಅಳಲಿಲ್ಲ. ಗಾಡಿ ಎಲ್ಲಿ ನಿಂತರೇನು, ಸೊಸೆ ಕೂತು ಹೋಗುತ್ತಾಳಲ್ಲ ಎಂದು ಸಮಾಧಾನ ಮಾಡಿಕೊಂಡಳು. ಆ ಸಮಾಧಾನವೂ ವಾರ ಬಾಳಲಿಲ್ಲ. ಹಬ್ಬದ ರಜೆ ಮುಗಿದು ಶಾಲೆಗೆ ಹೊರಟ ದಿನ ಸೌಭಾಗ್ಯ ಅದೇ ಹಳೆ ಬ್ಯಾಗು ಹೆಗಲಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಕಡೆಗೇ ನಡೆದಳು. ಹೊಸ ಎಂಜಿನ್, ಮೊದಲ ಸರ್ವಿಸ್ ಆಗುವ ತನಕ ಒಂದೇ ಕೈಯಲ್ಲಿ ಇರಬೇಕು ಎಂದ ಬಸವಕುಮಾರ. ಆಮೇಲೆ ಸುರಪುರದ ರಸ್ತೆಯಲ್ಲಿ ಹತ್ತಿ ಲಾರಿಗಳು ಜಾಸ್ತಿ ಎಂದ. ಆಮೇಲೆ ಸಂಕ್ರಾಂತಿ ಆಗಲಿ ಎಂದ. ಗಾಡಿ ದಿನವೂ ಗಿರಣಿಯಿಂದ ಅಂಗಡಿಗೆ, ಅಂಗಡಿಯಿಂದ ಗಿರಣಿಗೆ ಹೋಗಿ ಬಂತು. ನಡೆದರೆ ಒಂದು ಬೀಡಿ ಸೇದುವಷ್ಟು ಹೊತ್ತಿನ ದಾರಿ.

ಹಂಪಮ್ಮನಿಗೆ ಮಗ ಒಂದು ಪ್ಲಾಸ್ಟಿಕ್ ಕುರ್ಚಿ ತಂದುಕೊಟ್ಟ. ಕಟ್ಟೆ ಹೋಗಿ ಓಣಿ ಅಗಲವಾದದ್ದೇ ತಡ, ಸುತ್ತು ಬಳಸಿ ಹೋಗುತ್ತಿದ್ದ ಬೈಕುಗಳೆಲ್ಲ ಅಲ್ಲಿಂದಲೇ ನುಗ್ಗತೊಡಗಿದವು. ಕುರ್ಚಿ ಹಾಕಿ ಕೂತರೆ ಹಾರ್ನು, ಎದ್ದು ಸರಿಸಿ ಮತ್ತೆ ಕೂತರೆ ಮತ್ತೆ ಹಾರ್ನು. ಮೊಣಕಾಲಿನವಳು ಎಷ್ಟು ಸಲ ಎದ್ದಾಳು? ಕೊನೆಗೆ ಕುರ್ಚಿ ಒಳಗೆ ಹೋಯಿತು. ಅವಳು ಬಾಗಿಲಿನ ಚೌಕಟ್ಟು ಹಿಡಿದು ನಿಲ್ಲತೊಡಗಿದಳು. ಸುಗಲಮ್ಮ ಮೊರ ಹಿಡಿದು ಬರುತ್ತಿದ್ದಳು, ಸ್ವಲ್ಪ ಹೊತ್ತು ನಿಂತು ಮಾತಾಡಿ ಕಾಲು ನೋವು ಎಂದು ತಿರುಗಿ ಹೋಗುತ್ತಿದ್ದಳು. ಒಮ್ಮೊಮ್ಮೆ ಬರುತ್ತಲೇ ಇರಲಿಲ್ಲ.

ಸಂಕ್ರಾಂತಿ ಹೋಯಿತು. ಒಂದು ಸಂಜೆ ಸೌಭಾಗ್ಯ ಕುಂಟುತ್ತ ಬಂದಳು. ಬಸ್ಸಿನಲ್ಲಿ ಯಾರೋ ಕಾಲು ತುಳಿದು ಹೆಬ್ಬೆರಳಿನ ಉಗುರು ಎದ್ದಿತ್ತು. ಬಸ್‌ಸ್ಟ್ಯಾಂಡಿನಿಂದ ಅಂಗಡಿಯ ಮುಂದೆಯೇ ನಡೆದು ಬಂದಿದ್ದಳು. ಗಾಡಿ ಅಲ್ಲೇ ನೆರಳಿಗೆ ನಿಂತಿತ್ತಂತೆ. ಅಂಗಡಿಯಲ್ಲಿ ಗಿರಾಕಿಗಳಿದ್ದರು, ಕರೆಯಲು ನಾಚಿಕೆಯಾಯಿತು ಎಂದಳು. ಹಂಪಮ್ಮ ನಿಂತಲ್ಲಿಂದಲೇ ಮೊಮ್ಮಗಳನ್ನು ಕೂಗಿ ಅರಿಶಿಣ, ಎಣ್ಣೆ ತರಿಸಿದಳು. ಬಗ್ಗಿ ಹಚ್ಚಲು ಅವಳ ಕೈಲಿ ಆಗಲಿಲ್ಲ, ಬಸವೇಶ್ವರಿ ಹಚ್ಚಿದಳು. ಹಂಪಮ್ಮನಿಗೆ ಮಗನ ಮೇಲೆ ಬಂದ ಸಿಟ್ಟಿಗಿಂತ ತನ್ನ ಮೇಲೆ ಬಂದ ಸಿಟ್ಟು ದೊಡ್ಡದಿತ್ತು. ಹೂಂ ಅನ್ನಿಸಿಕೊಂಡು ಸುಮ್ಮನಾದವಳು ತಾನೇ ಅಲ್ಲವೇ?

ಅಂದು ಬಸವಕುಮಾರ ಬಂದು ಎಂದಿನಂತೆ ಕೀಲಿಯನ್ನು ಕ್ಯಾಲೆಂಡರಿನ ಮೊಳೆಗೆ ಹಾಕಿದ. ಅವನು ಕೈಕಾಲು ತೊಳೆಯಲು ಹೋದಾಗ ಹಂಪಮ್ಮ ಅದನ್ನು ತೆಗೆದು ಎಲೆ ಅಡಿಕೆಯ ಚಂಚಿಯೊಳಗೆ ಹಾಕಿ, ದಾರ ಎಳೆದು, ಸೊಂಟಕ್ಕೆ ಸಿಗಿಸಿಕೊಂಡಳು.

ಮರುದಿನ ಬೆಳಿಗ್ಗೆ ಮನೆಯೆಲ್ಲ ಹುಡುಕಾಟ. ಬಸವಕುಮಾರ ಹಾಸಿಗೆ ಝಾಡಿಸಿದ, ಮಗಳನ್ನು ಬೈದ, ಪ್ಯಾಂಟಿನ ಕಿಸೆಗಳನ್ನು ಹೊರಗೆಳೆದ. ಸೌಭಾಗ್ಯ ಡಬ್ಬಿಗೆ ರೊಟ್ಟಿ ಕಟ್ಟುತ್ತಿದ್ದಳು. ಹಂಪಮ್ಮ ಎಲೆಗೆ ಸುಣ್ಣ ಸವರುತ್ತ, ಕೀಲಿ ತನ್ನ ಹತ್ತಿರ ಇದೆ ಎಂದಳು.

“ಕೊಡವ್ವ, ಅಂಗಡಿಗೆ ಹೊತ್ತಾಗಾಕತ್ತದ.”

“ಅಂಗಡಿಗೆ ನಡಕೊಂತ ಹೋಗು.”

“ಅವ್ವ, ಚ್ಯಾಷ್ಟಿ ಮಾಡಬ್ಯಾಡ.”

“ಕಟ್ಟಿ ನಂದಿತ್ತು. ಅದರ ಬದ್ಲಿಗೆ ಗಾಡಿ ಬಂದದ. ಕೀಲಿನೂ ನಂದೇ. ಯಾರಿಗೆ ಕೊಡಬೇಕೋ ಅವರಿಗೆ ಕೊಡ್ತೀನಿ.”

ಸೂಗಪ್ಪನವರು ವಿಭೂತಿ ಹಚ್ಚಿಕೊಳ್ಳುತ್ತ ಕೂತಿದ್ದರು. ಹೆಣ್ಣುಮಗಳು, ಲಾರಿಗಳ ರಸ್ತೆ, ಏನಾದರೂ ಹೆಚ್ಚುಕಮ್ಮಿ ಆದರೆ ಎಂದು ಶುರು ಮಾಡಿದರು. ಹಂಪಮ್ಮ ಅವರ ಕಡೆ ತಿರುಗಿದಳು.

“ನೀವಿಬ್ರು ಶ್ಯಾಣ್ಯಾರು ಅದೇ ಗಾಡ್ಯಾಗ ಕುಂತು ಇಳಿಯಾಕ ಬರದೆ ಒದ್ದಾಡಿದ್ರಿ. ಆಕಿ ಹೋಗಿ ಬರ್ತಾಳ, ಸುಮ್ನಿರ್ರಿ.”

ಸೌಭಾಗ್ಯಳ ಹೆಬ್ಬೆರಳಿಗೆ ಕಟ್ಟಿದ ಅರಿವೆ ಬಸವಕುಮಾರನ ಕಣ್ಣಿಗೆ ಬಿತ್ತು. ಏನಾಯಿತು ಎಂದು ಕೇಳಿದ. ಬಸ್ಸಿನಲ್ಲಿ ತುಳಿದರು ಎಂದಳು ಅವಳು. ಯಾವಾಗ ಎಂದ. ನಿನ್ನೆ ಎಂದಳು. ಅವನು ಮೆಟ್ಟು ಮೆಟ್ಟಿಕೊಂಡು ಅಂಗಡಿಯ ಕಡೆ ನಡೆದೇ ಹೋದ.

ಸೌಭಾಗ್ಯ ಲೈಸೆನ್ಸು ತೆಗೆಯಲು ಹೋದವಳು ಸೀರೆಯ ಮಡಿಕೆಯಲ್ಲಿ ಬಹಳ ಹೊತ್ತು ಹುಡುಕಿದಳು. ಬಸ್ಸಿಗೇ ಹೋಗಿ ಬಿಡಲೇ ಎಂದು ಕೇಳಿದಳು. ಹಂಪಮ್ಮ ಚಂಚಿ ಬಿಚ್ಚಿ ಕೀಲಿ ಕೊಟ್ಟಳು. ಅದಕ್ಕೆ ಅಡಿಕೆಯ ಪುಡಿ ಅಂಟಿತ್ತು, ಸೆರಗಿನಿಂದ ಒರೆಸಿ ಕೊಟ್ಟಳು. ಗಿರಣಿಯ ತನಕ ಬಸವೇಶ್ವರಿ ಜೊತೆಗೆ ಹೋದಳು. ಅವ್ವ ಎರಡು ಸಲ ಬ್ರೇಕು ಜೋರಾಗಿ ಹಾಕಿದಳು, ಆಮೇಲೆ ಸರಿಯಾಗಿ ಹೋದಳು ಎಂದು ತಿರುಗಿ ಬಂದು ವರದಿ ಒಪ್ಪಿಸಿದಳು.

ಆ ದಿನ ಹಂಪಮ್ಮ ಒಳಗೆ ಕೂರಲೇ ಇಲ್ಲ. ಕೂತರೆ ಓಣಿ ಕಾಣುವುದಿಲ್ಲ. ಸೂಗಪ್ಪನವರು ಎರಡು ಸಲ ದೊಡ್ಡ ರಸ್ತೆಯ ತನಕ ಹೋಗಿ, ಬೀಡಿ ತರಲು ಹೋಗಿದ್ದೆ ಎಂದು ಬಂದರು. ಅವರು ಬೀಡಿ ಬಿಟ್ಟು ವರ್ಷಗಳಾಗಿದ್ದವು. ಹಂಪಮ್ಮ ಚೌಕಟ್ಟು ಹಿಡಿದು ನಿಂತೇ ಇದ್ದಳು, ಒಂದು ಕಾಲು ನೊಂದರೆ ಇನ್ನೊಂದರ ಮೇಲೆ ಭಾರ ಹಾಕುತ್ತ. ಸುಗಲಮ್ಮ ಬಂದು, ಬರ್ತಾಳ ಬಿಡು ಎಂದು ಹೇಳಿ ಹೋದಳು.

ಬಿಸಿಲು ಸುಗಲಮ್ಮನ ಮಾಳಿಗೆ ಹತ್ತಿದ ಹೊತ್ತಿಗೆ ಸೌಭಾಗ್ಯ ಓಣಿಯ ತಿರುವಿನಲ್ಲಿ ಕಂಡಳು. ಬಸ್ಸಿನಲ್ಲಿ ಬರುವ ಹೊತ್ತಿಗಿಂತ ಎಷ್ಟೋ ಮೊದಲು. ಕುಂಟುವುದು ಇತ್ತು, ಆದರೆ ಹೆಜ್ಜೆಯಲ್ಲಿ ಸುಸ್ತು ಇರಲಿಲ್ಲ. ಬೆಳಿಗ್ಗೆ ಹೆಣೆದ ಜಡೆ ಹಾಗೆಯೇ ಇತ್ತು. ಬಾಗಿಲಿಗೆ ಬಂದು ಕೀಲಿಯನ್ನು ಅತ್ತೆಯ ಕೈಗೆ ಕೊಟ್ಟಳು.

“ಅತ್ತಿ, ಇವತ್ತ ಕುಂತು ಹೋಗಿ ಕುಂತು ಬಂದೀನಿ.”

ಹಂಪಮ್ಮ ಕೀಲಿಯನ್ನು ಚಂಚಿಗೆ ಹಾಕಿ ದಾರ ಎಳೆದಳು. ಚೌಕಟ್ಟು ಬಿಟ್ಟು ಸೊಸೆಯ ಹೆಗಲಿಗೆ ಕೈ ಹಾಕಿದಳು.

“ಹಂಗಾದ್ರ ರೊಟ್ಟಿ ಇವತ್ತೂ ನೀನೇ ಬಡಿ,” ಎಂದಳು. “ನಾ ಮುಂಜಾನಿಂದ ನಿಂತೇ ಇದ್ದೀನಿ.”